ಮಂಗಳದ ಮಣ್ಣಿಗೂ ನಮ್ಮ ಎರಿ ಹೊಲಕ್ಕೂ ಏನ್ ಸಂಬಂಧ?

ಮಂಗಳ ಗ್ರಹದ ಮಣ್ಣು ನೋಡಾಕ ಅಷ್ಟು ರೊಕ್ಕ ಯಾಕ ಸುರೀತಾರ, ಅದರಿಂದ ರೈತಗ ಏನ್ ಸಿಗತದ ಅಂತ ಕೇಳೋರು ಬಹಳ ಮಂದಿ ಅದಾರ. ಎರಿ ಹೊಲ ಇದ್ದವರಾದ್ರೂ ಹಂಗ ಕೇಳಬಾರದು ಅಂತ ನನ್ನ ಅನಿಸಿಕೆ.

ನಮ್ಮ ಎರಿ ಮಣ್ಣು ಮಳಿಗೆ ಉಬ್ಬತದ, ಬ್ಯಾಸಿಗ್ಯಾಗ ಕೈ ಇಳಿಯುವಷ್ಟು ಬಿರುಕು ಬಿಡತದ. ಇದಕ್ಕೆ ಕಾರಣ ಸ್ಮೆಕ್ಟೈಟ್ ಎಂಬ ಜೇಡಿಮಣ್ಣಿನ ಖನಿಜ. ಪುಸ್ತಕದ ಹಾಳೆಗಳಂತೆ ಅದರಲ್ಲಿ ತೆಳು ಪದರುಗಳಿವೆ. ನಡುವೆ ನೀರು ಹೊಕ್ಕರೆ ಉಬ್ಬುತ್ತದೆ. ಕಪ್ಪು ಬಸಾಲ್ಟ್ ಕಲ್ಲು ನೀರಿನ ಜೊತಿ ಬಹಳ ಕಾಲ ಇದ್ದು ಸವೆದಾಗ ಇದು ಹುಟ್ಟತದ. ನೀರಿಲ್ಲದ ಜಾಗದಾಗ ಹುಟ್ಟೂದಿಲ್ಲ.

ಮಂಗಳದ ನೆಲವೂ ಬಹುಪಾಲು ಬಸಾಲ್ಟೇ. 2012ರ ಆಗಸ್ಟ್‌ನಲ್ಲಿ ನಾಸಾದ ಕ್ಯೂರಿಯಾಸಿಟಿ ರೋವರ್ ಅಲ್ಲಿನ ಗೇಲ್ ಕುಳಿಯಲ್ಲಿ ಇಳಿಯಿತು. 2013ರ ಫೆಬ್ರವರಿಯಲ್ಲಿ ಕೆಸರು ಗಟ್ಟಿಯಾಗಿ ಆದ ಒಂದು ಕಲ್ಲಿಗೆ ಸುಮಾರು 6 ಸೆಂ.ಮೀ. ಆಳದ ತೂತು ಕೊರೆಯಿತು. ಆ ಪುಡಿಯನ್ನು ಎಕ್ಸ್-ರೇ ಹಾಕಿ ನೋಡಿದರೆ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಸ್ಮೆಕ್ಟೈಟ್! ಅಂದರೆ 350 ಕೋಟಿ ವರ್ಷಕ್ಕೂ ಹಿಂದೆ ಅಲ್ಲೊಂದು ಕೆರಿ ಇತ್ತು. ಅದರ ನೀರು ಬಹಳ ಹುಳಿಯೂ ಅಲ್ಲ, ಬಹಳ ಉಪ್ಪೂ ಅಲ್ಲ.

ಅದೇ ಕುಳಿಯ ನಡುವಿನ ಗುಡ್ಡ ಏರುತ್ತಾ ಹೋದಂತೆ ಜೇಡಿ ಕಡಿಮಿ ಆಗಿ, ಮೆಗ್ನೀಸಿಯಂ ಸಲ್ಫೇಟ್‌ನಂಥ ಉಪ್ಪು ಹೆಚ್ಚಾಗತದ. ನೀರು ಆರಿದ ಮ್ಯಾಲ ಸವಳು ನೆಲದಾಗ ಬಿಳಿ ಉಪ್ಪು ಏಳೂದು ಕಂಡವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮಂಗಳದ ವಾತಾವರಣ ತೆಳುವಾಗುತ್ತಾ ಹೋಗಿ ನೆಲ ಒಣಗಿತು. ಜೇಡಿ ಮಾತ್ರ ಇವತ್ತಿಗೂ ಉಳಿದದ.

ನಾನು ಹೇಳೋದು ಇಲ್ಲೇ ಅದ. "ಎರಿ ಭೂಮಿ ತಾನಾ ನೀರು ಹಿಡಿತದ" ಅಂತ ನಂಬಿ, ನಾಕು ಸಾಲು ಹೆಚ್ಚಿಗಿ ಬರ್ತಾವಂತ ಜೆಸಿಬಿ ಹಚ್ಚಿ ಒಡ್ಡು ಕೀಳೋದು ನಮ್ಮ ಕಡೆ ಹೆಚ್ಚಾಗೇದ. ಎರಿ ಮಣ್ಣು ಒಮ್ಮೆ ತೊಯ್ದು ಬಿರುಕು ಮುಚ್ಚಿತಂದ್ರ ಒಳಗ ನೀರು ಇಳಿಯೂದು ಬಹಳ ನಿಧಾನ. ಆಮ್ಯಾಲ ಬಿದ್ದ ಮಳಿ ಮ್ಯಾಲಿನ ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರತದ. ಜೇಡಿ ಇದ್ದ ಮಾತ್ರಕ್ಕ ನೀರು ಇರೂದಿಲ್ಲ, ನಿಲ್ಲಿಸಿದ್ರ ಇರತದ.

ಮಂಗಳದಾಗ ನೀರು ನಿಲ್ಲಿಸೋರು ಯಾರೂ ಇರಲಿಲ್ಲ. ಇಲ್ಲಿ ನಾವು ಅದೀವಿ. ಈ ಸಲ ಹಿಂಗಾರಿ ಜೋಳ, ಕಡ್ಲಿ ಬಿತ್ತೂ ಮೊದಲ ಒಡ್ಡು ಕೀಳೂದು ಬಿಟ್ಟು, ಹೊಲದಾಗ ಚೌಕಮಡಿ ಹಾಕ್ರಿ.