ಹದವರಿತ ಬಿಸಿ

ದೆಹಲಿಯ ಪುಷ್ಯದ ಚಳಿಯಲ್ಲಿ ಗೀಸರಿನ ಮಹಿಮೆ ಅರಿಯದವರಾರು? ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ ಗೀಸರಿನ ಥರ್ಮೋಸ್ಟ್ಯಾಟ್ ಕೆಟ್ಟಿತು. ಮಗುವಿನ ಮೈಗೆ ಹೊಯ್ಯುವ ಮುನ್ನ ನಮ್ಮ ಮನೆಯವರು ನೀರನ್ನು ಮೊಣಕೈಗೆ ತಗಲಿಸಿ ನೋಡಿದ್ದರಿಂದ ಅನಾಹುತ ತಪ್ಪಿತು. 60 ಡಿಗ್ರಿ ಸೆಲ್ಸಿಯಸ್ಸಿನ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು. ಅಂದಿನಿಂದ ಶಾಖಕ್ಕೆ ಕಡಿವಾಣ ಹಾಕುವ ವಿದ್ಯೆಯ ಮೇಲೆ ನಮಗೆ ಕುತೂಹಲ.

ಗೀಸರಿನ ನೀತಿ ಸರಳ: ತಣ್ಣಗಾದರೆ ಹೊತ್ತಿಸು, ಬಿಸಿಯಾದರೆ ಆರಿಸು. ಕಾರ್ಖಾನೆಯ ಕುಲುಮೆಗೆ ಇದು ಸಾಲದು. ಒಲೆ ಆರಿಸಿದರೂ ಕಾದ ಪಾತ್ರೆ ಹಾಲನ್ನು ಉಕ್ಕಿಸಿಯೇ ಬಿಡುತ್ತದಲ್ಲವೆ? ಶಾಖ ತಡವಾಗಿ ಮಾತು ಕೇಳುತ್ತದೆ. ಅದಕ್ಕೇ 'ಪಿಐಡಿ' ನಿಯಂತ್ರಕ ಮೂರು ಲೆಕ್ಕ ಇಡುತ್ತದೆ: ಈಗಿನ ಕೊರತೆ, ಹಿಂದಿನ ಬಾಕಿ, ಏರಿಳಿತದ ವೇಗ. ಅದನ್ನು ಹದಗೊಳಿಸುವ ಸೂತ್ರಗಳನ್ನು 1942ರಲ್ಲಿ ಜೀಗ್ಲರ್ ಮತ್ತು ನಿಕೋಲ್ಸ್ ಕೊಟ್ಟರು.

ತೊಡಕು ಇನ್ನೂ ಉಂಟು. ಕಾದ ವಸ್ತು ಸೂಸುವ ಶಾಖ ಕೆಲ್ವಿನ್ ಉಷ್ಣತೆಯ ನಾಲ್ಕನೆಯ ಘಾತದಂತೆ ಏರುತ್ತದೆ. ಉಷ್ಣತೆ ಇಮ್ಮಡಿಯಾದರೆ ಶಾಖ 16 ಮಡಿ! 300 ಡಿಗ್ರಿಗೆ ಹೊಂದಿದ ಲೆಕ್ಕ 900ಕ್ಕೆ ಒಗ್ಗದು. ಉಷ್ಣತೆ ಬದಲಾದಂತೆ ಲೆಕ್ಕವನ್ನೂ ಬದಲಿಸುವುದು ಒಂದು ಉಪಾಯ. ಕುಲುಮೆಯ ಗಣಿತರೂಪವನ್ನಿಟ್ಟುಕೊಂಡು ಮುಂದಾಗುವುದನ್ನು ಮೊದಲೇ ಎಣಿಸುವುದು ಇನ್ನೊಂದು. ಈ ಮುನ್ನೆಣಿಕೆಯ ಕ್ರಮ 1970ರ ದಶಕದಲ್ಲಿ ತೈಲ ಶುದ್ಧೀಕರಣಾಗಾರಗಳಲ್ಲಿ ಬಳಕೆಗೆ ಬಂತು.

ತಾಯಂದಿರಿಗೆ ಈ ಮುನ್ನೆಣಿಕೆ ಹಳೆಯ ವಿದ್ಯೆ. ನಮ್ಮಲ್ಲಿ ಹೊಸ ಥರ್ಮೋಸ್ಟ್ಯಾಟ್ ಬಂದಿದೆ. ಮೊಣಕೈಯನ್ನು ಮಾತ್ರ ಇನ್ನೂ ನಿವೃತ್ತಿಗೊಳಿಸಿಲ್ಲ.