ಅಸೋಕನೋ, ಅಶೋಕನೋ: ಒಂದು ಹೆಸರಿನ ಋಣ

ಕಳೆದ ತಿಂಗಳು ಸಿರುಗುಪ್ಪದಲ್ಲಿ ಬಂಧುಗಳ ಮನೆಯ ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಕೈತೊಳೆದು ಬರುವಷ್ಟರಲ್ಲಿ ಐವತ್ತು ದಾಟಿದವರೊಬ್ಬರು ಬಂದು ಕಾಲಿಗೆರಗಿದರು. “ಸಾರ್, ನಾನು ಅಶೋಕ. ಗುರುತು ಸಿಕ್ತಾ?” ಎಂದರು. ನಿವೃತ್ತ ಮೇಷ್ಟರಿಗೆ ಇದಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದಿಲ್ಲ. “ಯಾವ ಅಶೋಕನಪ್ಪಾ?” ಎಂದು ನಾನೇ ತಿರುಗಿ ಕೇಳಬೇಕಾಯಿತು. ಆತ ನಗುತ್ತ, “ನಿಮ್ಮ ಹತ್ರ ‘ಶ’ ಕಾರ ಕಲಿತ ಅಶೋಕ ಸಾರ್” ಎಂದ. ಅಷ್ಟು ಹೇಳಿದ್ದೇ ತಡ, ಎಲ್ಲವೂ ನೆನಪಾಯಿತು. ನೆನಪಾದದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು. ಆ ನಾಚಿಕೆಯೇ ಈ ಬರಹಕ್ಕೆ ಕಾರಣ.

ನಾನು ವೃತ್ತಿಗೆ ಸೇರಿದ 1984ರಿಂದ ಮುಂದಿನ ಹತ್ತು ಹನ್ನೆರಡು ವರ್ಷ ನನ್ನ ಹಾಜರಿ ಪುಸ್ತಕದಲ್ಲಿ ಅಶೋಕನಿಲ್ಲದ ತರಗತಿಯೇ ಇರಲಿಲ್ಲ ಎನ್ನಬಹುದು. ಒಂದು ವರ್ಷವಂತೂ ಎಂಟನೆಯ ತರಗತಿಯಲ್ಲಿ ಮೂವರಿದ್ದರು. ಮಕ್ಕಳು ತಮ್ಮತಮ್ಮಲ್ಲೇ ಉದ್ದ ಅಶೋಕ, ಗಿಡ್ಡ ಅಶೋಕ, ಸೈಕಲ್ ಅಶೋಕ ಎಂದು ವಿಂಗಡಿಸಿಕೊಂಡಿದ್ದರು. ಉಳಿದ ಹೆಸರುಗಳು ನಮ್ಮ ಸೀಮೆಯ ದೇವರುಗಳಿಗೂ ಜಾತ್ರೆಗಳಿಗೂ ಅಂಟಿಕೊಂಡವು. ಕುರುಗೋಡಿನ ದೊಡ್ಡಬಸವೇಶ್ವರನಿಂದ ದೊಡ್ಡಬಸಪ್ಪ, ಸಿರುಗುಪ್ಪದ ಶಂಭುಲಿಂಗನಿಂದ ಶಂಭುಲಿಂಗಪ್ಪ, ಚೇಳ್ಳಗುರ್ಕಿಯ ಎರ್ರಿತಾತನಿಂದ ಎರ್ರಿಸ್ವಾಮಿ, ಹಂಪೆಯಿಂದ ಪಂಪಾಪತಿ ಮತ್ತು ವಿರೂಪಾಕ್ಷಿ, ಕೊಟ್ಟೂರಿನಿಂದ ಕೊಟ್ರೇಶ. ಹೆಸರು ಕೇಳಿದೊಡನೆ ಮನೆದೇವರು ಯಾರು, ಹರಕೆ ಎಲ್ಲಿಯದು ಎಂಬುದು ಹೊಳೆದುಬಿಡುತ್ತಿತ್ತು. ಅಶೋಕನಿಗೆ ಮಾತ್ರ ಗುಡಿಯಿಲ್ಲ, ತೇರಿಲ್ಲ, ಹರಕೆಯಿಲ್ಲ. ಹಾಗಾದರೆ ಈ ಹೆಸರು ನಮ್ಮ ಊರುಗಳಿಗೆ ಬಂದದ್ದಾದರೂ ಎಲ್ಲಿಂದ?

ಶೋಕವಿಲ್ಲದವನು ಎಂಬುದು ಹೆಸರಿನ ಅರ್ಥ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಮೌರ್ಯ ಚಕ್ರವರ್ತಿ ಅದನ್ನು ಹೊತ್ತವರಲ್ಲಿ ಅತಿ ಪ್ರಸಿದ್ಧ. ಪುರಾಣಗಳ ರಾಜವಂಶದ ಪಟ್ಟಿಗಳಲ್ಲೂ ಸಿಂಹಳದ ಬೌದ್ಧ ಗ್ರಂಥಗಳಲ್ಲೂ ಆತನ ಹೆಸರು ಉಳಿದಿತ್ತು. ಕ್ರಿಸ್ತಶಕ 150ರ ಸುಮಾರಿನ ರುದ್ರದಾಮನನ ಜುನಾಗಢ ಶಾಸನದಲ್ಲೂ ಮೌರ್ಯ ಅಶೋಕನ ಪ್ರಸ್ತಾಪವಿದೆ. ಆದರೆ ಜನರ ನೆನಪಿನಿಂದ ಆತ ಅಳಿಸಿಹೋಗಿದ್ದ. ಆತನ ಶಾಸನಗಳು ದೇಶದುದ್ದಕ್ಕೂ ಇದ್ದರೂ ಓದಬಲ್ಲವರಿರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಬಿಡಿಸಿ ಓದಿದಾಗ ಕಂಡುಬಂದದ್ದು ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದುಗಳು ಮಾತ್ರ. ದೇವರುಗಳಿಗೆ ಪ್ರಿಯನಾದವನು, ಪ್ರಿಯವಾದ ನೋಟದವನು ಎಂದರ್ಥ. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅಲ್ಲಿನ ಗ್ರಂಥಗಳ ಆಧಾರದಿಂದ ಈ ಪಿಯದಸಿಯೇ ಅಶೋಕ ಎಂದು ತೋರಿಸಿಕೊಟ್ಟರು. ಆದರೂ ಅದು ಗ್ರಂಥದ ಸಾಕ್ಷಿ. ಕಲ್ಲಿನ ಸಾಕ್ಷಿ ದೊರೆತಿರಲಿಲ್ಲ.

ಅದು ದೊರೆತದ್ದು 1915ರಲ್ಲಿ, ಅಂದಿನ ನಿಜಾಮ ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರ ಕಣ್ಣಿಗೆ ಬಿದ್ದ ಬಂಡೆಯ ಬರಹದಲ್ಲಿ ದೇವಾನಾಂಪಿಯ ಎಂಬ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರೂ ಇತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಅದೇ ವರ್ಷ ಪ್ರಕಟಿಸಿದರು. ಸಿಂಧನೂರು ದಾಟಿದರೆ ಸಿಗುವ ನಮ್ಮ ನೆರೆಯ ಊರು, ಇಡೀ ದೇಶಕ್ಕೆ ಅದರ ಚಕ್ರವರ್ತಿಯನ್ನು ಹೆಸರು ಹಿಡಿದು ಗುರುತಿಸಿಕೊಟ್ಟಿತು.

ಅನಂತರ ಈ ಹೆಸರಿಗೆ ಎರಡನೆಯ ಜನ್ಮ. 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿಕೊಂಡ ಧ್ವಜದಲ್ಲಿ ಆತನ ಚಕ್ರ ಬಂತು. 1950ರಲ್ಲಿ ಸಾರನಾಥದ ಸಿಂಹಗಳು ರಾಷ್ಟ್ರಲಾಂಛನವಾದವು. ನಾಣ್ಯ, ನೋಟು, ಅಂಚೆ ಚೀಟಿಗಳ ಮೂಲಕ ಅಶೋಕ ಓದುಬರಹ ಬಾರದವರ ಕೈಗೂ ತಲುಪಿದ. ಜಾತಿಯನ್ನೂ ಕುಲದೇವರನ್ನೂ ಹೇಳದ ಹೆಸರೊಂದು ಬೇಕೆಂದವರಿಗೆ ಇದು ಸಿಕ್ಕಿತು. ನನ್ನ ತರಗತಿಯ ಮೂವರು ಅಶೋಕರು ಮೂರು ಕೇರಿಗಳಿಂದ ಬಂದವರು. ಹಾಜರಿ ಕೂಗುವಾಗ ಈ ಸಂಗತಿ ನನಗೆ ಯಾವಾಗಲೂ ಸಂತೋಷ ಕೊಡುತ್ತಿತ್ತು.

ಹೆಸರು ಹೊತ್ತ ನಾಮಾಂಕಿತರೂ ಕಡಿಮೆಯಿಲ್ಲ. ಹಿಂದಿ ಚಿತ್ರರಂಗದ ಅಶೋಕ್ ಕುಮಾರ್ (1911–2001) ಅವರ ಹುಟ್ಟುಹೆಸರು ಕುಮುದಲಾಲ್ ಗಂಗೂಲಿ. 1936ರಲ್ಲಿ ತೆರೆಗೆ ಬಂದಾಗ ಅಶೋಕರಾದರು. ಸಮಾಜವಾದಿ ಧುರೀಣ ಅಶೋಕ್ ಮೆಹ್ತಾ (1911–1984) ನಮಗೆ ಇನ್ನೂ ಹತ್ತಿರದವರು. 1977ರ ಕೊನೆಯಲ್ಲಿ ನೇಮಕವಾಗಿ 1978ರಲ್ಲಿ ವರದಿ ಕೊಟ್ಟ ಅವರ ಸಮಿತಿಯ ಚಿಂತನೆಯ ಫಲವಾಗಿಯೇ ಕರ್ನಾಟಕದಲ್ಲಿ 1983ರ ಕಾನೂನು, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳು ಬಂದವು. 1987ರ ಚುನಾವಣೆಯಲ್ಲಿ ನಮ್ಮಂಥ ಮೇಷ್ಟರುಗಳೆಲ್ಲ ಮತಗಟ್ಟೆಯಲ್ಲಿ ಕೂತದ್ದು ಹಲವರಿಗೆ ನೆನಪಿರಬಹುದು. ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’ಯ (1981) ಅಶೋಕ್ ಅವರನ್ನು ನಮ್ಮ ಪೀಳಿಗೆ ಮರೆಯದು. ಹೆಸರಿನ ಅರ್ಥಕ್ಕೆ ತಕ್ಕಂತೆ ಬದುಕಿದವರೆಂದರೆ ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ್ ಪೈ. 2016ರಲ್ಲಿ ತೀರಿಕೊಳ್ಳುವವರೆಗೂ ಅವರು ಇತರರ ಶೋಕವನ್ನು ಕೇಳಿಸಿಕೊಳ್ಳುವುದನ್ನೇ ಕಸುಬಾಗಿಸಿಕೊಂಡಿದ್ದರು. ಮನಸ್ಸಿನ ಕಾಯಿಲೆಯೆಂದರೆ ದೆವ್ವ ಬಿಡಿಸುವವರ ಬಳಿಗೆ ಓಡುತ್ತಿದ್ದ ಕಾಲದಲ್ಲಿ, ಬರಹ ಮತ್ತು ಸಿನಿಮಾಗಳ ಮೂಲಕವೂ ಜನಕ್ಕೆ ತಿಳಿಹೇಳಿದರು.

ಇನ್ನೊಬ್ಬ ಅಶೋಕನನ್ನು ಬಳ್ಳಾರಿಯವರು ದಿನಕ್ಕೆ ನೂರು ಸಲ ನೋಡುತ್ತಾರೆ, ಆದರೆ ಗಮನಿಸುವುದಿಲ್ಲ. ರಘುನಂದನ ಸರಣ್ ಎಂಬ ಉದ್ಯಮಿ 1948ರಲ್ಲಿ ತಮ್ಮ ಮಗನ ಹೆಸರಿನಲ್ಲಿ ಅಶೋಕ್ ಮೋಟಾರ್ಸ್ ಸ್ಥಾಪಿಸಿದರು. 1955ರಲ್ಲಿ ಅದು ಅಶೋಕ್ ಲೇಲ್ಯಾಂಡ್ ಆಯಿತು. 2011ರಲ್ಲಿ ಸುಪ್ರೀಂ ಕೋರ್ಟು ನಮ್ಮ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವವರೆಗೆ ಅದಿರು ಹೊತ್ತು ಸಾಗಿದ ಎಷ್ಟೋ ಲಾರಿಗಳ ಹಣೆಯ ಮೇಲೆ ಆ ಮಗುವಿನ ಹೆಸರಿತ್ತು. ಶೋಕವಿಲ್ಲದವನ ಹೆಸರು ಹೊತ್ತ ಲಾರಿ ಕೆಂಧೂಳೆಬ್ಬಿಸುತ್ತ ಹೋದಾಗ ರಸ್ತೆಬದಿಯ ಹೊಲದವರ ಶೋಕವನ್ನು ನೋಡಿದವರಲ್ಲಿ ನಾನೂ ಒಬ್ಬ.

ಇನ್ನು ನನ್ನ ತಪ್ಪೊಪ್ಪಿಗೆ.

ಮದುವೆಯಲ್ಲಿ ಸಿಕ್ಕ ಅಶೋಕ ಸಿರುಗುಪ್ಪ ಕಡೆಯ ಹಳ್ಳಿಯವನು. ಎಂಟನೆಯ ತರಗತಿಗೆ ಸೇರಿದ ಮೊದಲ ದಿನ ಹೆಸರು ಕೇಳಿದರೆ “ಅಸೋಕ ಸಾರ್” ಎಂದ. ನಾನು ಆಗ ಉಚ್ಚಾರಣೆಯ ಶುದ್ಧಿಯಲ್ಲಿ ಬಹಳ ಕಟ್ಟುನಿಟ್ಟಾಗಿದ್ದೆ. ಎಲ್ಲರೆದುರು ಆತನನ್ನು ನಿಲ್ಲಿಸಿ ಹತ್ತು ಸಲ ‘ಅಶೋಕ’ ಎನ್ನಿಸಿದೆ. ತರಗತಿ ನಕ್ಕಿತು. ಒಂದು ದಿನ ಆತನ ಅಜ್ಜಿ ಬುತ್ತಿ ಹಿಡಿದು ಬಂದು ಬಾಗಿಲಲ್ಲಿ ನಿಂತು, “ನಮ್ಮ ಅಸೋಕ ಬಂದಾನೇನ್ ಸಾರ್?” ಎಂದಾಗ ಹುಡುಗರು ಮತ್ತೆ ನಕ್ಕರು. ಆತ ತಲೆ ತಗ್ಗಿಸಿದ. ನಾನು ಹುಡುಗರನ್ನು ಗದರಿಸಲಿಲ್ಲ.

ಇತಿಹಾಸದ ಪಾಠ ಬಂದಾಗ ಅದೇ ಹುಡುಗ ಎದ್ದುನಿಂತು, “ಸಾರ್, ನನ್ನ ಹೆಸರು ನಿಜವಾಗ್ಲೂ ಕಲ್ಲಿನ ಮ್ಯಾಲೆ ಐತಾ? ನಮ್ಮ ಕಡೆ ಐತಾ?” ಎಂದು ಕೇಳಿದ. ನಾನು ಬಹಳ ವಿಶ್ವಾಸದಿಂದ, “ಇದೆ, ಮಸ್ಕಿಯಲ್ಲಿ. ನಮ್ಮ ನಾಡಿನಲ್ಲಿ ಅದೊಂದೇ ಕಡೆ” ಎಂದೆ. ನಾನು ವಿದ್ಯಾರ್ಥಿಯಾಗಿದ್ದಾಗ ಓದಿದ್ದು ಹಾಗೆಯೇ, ಮುಂದೆ ಹೇಳುತ್ತ ಬಂದದ್ದೂ ಹಾಗೆಯೇ.

2004ರಲ್ಲಿ ಶಿಕ್ಷಕರ ತರಬೇತಿಯೊಂದರಲ್ಲಿ ಉಪನ್ಯಾಸಕರೊಬ್ಬರು ಜಿಲ್ಲೆಯ ಪ್ರಾಚೀನತೆಯ ಬಗ್ಗೆ ಮಾತನಾಡುತ್ತ ನಿಟ್ಟೂರು ಮತ್ತು ಉಡೇಗೋಳಂ ಹೆಸರು ಹೇಳಿದರು. ಎರಡೂ ಸಿರುಗುಪ್ಪ ತಾಲ್ಲೂಕಿನವೇ. ಎರಡರಲ್ಲೂ 1970ರ ದಶಕದ ಕೊನೆಯ ಭಾಗದಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದಿದ್ದವು; ಎರಡರಲ್ಲೂ ಅಶೋಕ ಎಂಬ ಹೆಸರಿದೆ. ಆತನ ಇಷ್ಟೊಂದು ಶಾಸನಗಳಲ್ಲಿ ಹೆಸರು ಸಿಗುವುದು ನಾಲ್ಕೇ ಕಡೆ: ಮಸ್ಕಿ, ಮಧ್ಯಪ್ರದೇಶದ ಗುಜರ್ರಾ, ನಿಟ್ಟೂರು, ಉಡೇಗೋಳಂ. ಮೂರು ಕರ್ನಾಟಕದಲ್ಲಿವೆ; ಅವುಗಳಲ್ಲಿ ಎರಡು ಒಂದೇ ತಾಲ್ಲೂಕಿನಲ್ಲಿ, ನನ್ನ ವಿದ್ಯಾರ್ಥಿಯ ತಾಲ್ಲೂಕಿನಲ್ಲಿ! ನಾನು ಪಾಠ ಹೇಳುವುದಕ್ಕೆ ಹಲವು ವರ್ಷ ಮೊದಲೇ ಗೊತ್ತಾಗಿದ್ದ ಸಂಗತಿ ಇದು.

ಎರಡನೆಯ ಪೆಟ್ಟು ಇನ್ನೂ ದೊಡ್ಡದು. ಆ ಶಾಸನಗಳ ಭಾಷೆ ಪ್ರಾಕೃತ. ಅದರಲ್ಲಿ ‘ಶ’ಕಾರ ‘ಸ’ಕಾರವಾಗುತ್ತದೆ. ಕಲ್ಲಿನ ಮೇಲಿರುವುದು ‘ಅಸೋಕ’. ಬುತ್ತಿ ತಂದ ಆ ಅಜ್ಜಿ ಬಾಗಿಲಲ್ಲಿ ನಿಂತು ಕೂಗಿದ ರೂಪವೇ ಸಿರುಗುಪ್ಪ ತಾಲ್ಲೂಕಿನ ಬಂಡೆಯ ಮೇಲೆ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಕೂತಿದೆ.

ಹಾಗೆಂದು ಬರವಣಿಗೆಯ ಕನ್ನಡದಲ್ಲಿ ‘ಶ’ಕಾರ ಬೇಡವೆಂದು ನಾನು ವಾದಿಸುವುದಿಲ್ಲ. ಮಕ್ಕಳಿಗೆ ಶುದ್ಧ ಉಚ್ಚಾರಣೆ ಕಲಿಸುವುದು ಮೇಷ್ಟರ ಕರ್ತವ್ಯವೇ. ಆದರೆ ಮನೆಯ ಮಾತನ್ನು ನಗೆಪಾಟಲು ಮಾಡದೆಯೂ ಅದನ್ನು ಕಲಿಸಬಹುದು. ಆಡುಮಾತಿಗೂ ಅದರದೇ ನಿಯಮವಿದೆ, ಅದರದೇ ವಂಶವಿದೆ. ಬಿ.ಎಡ್.ನಲ್ಲಿ ಈ ಮಾತನ್ನು ಓದಿ ಅಂಕ ಪಡೆದಿದ್ದೆ, ತರಗತಿಯಲ್ಲಿ ಮರೆತಿದ್ದೆ.

ಮುಂದೆ ಒಂದು ರಜೆಯಲ್ಲಿ ತೆಕ್ಕಲಕೋಟೆಯ ಮೇಲೆ ನಿಟ್ಟೂರಿಗೆ ಹೋಗಿ ಬಂದೆ. ನನ್ನ ಕಣ್ಣಿಗೆ ಸುಲಭವಾಗಿ ಸಿಕ್ಕಿದ ಅಕ್ಷರ ಒಂದೇ: ಬ್ರಾಹ್ಮಿಯ ‘ಕ’. ಅದು ಲೆಕ್ಕದ ಪುಸ್ತಕದ ಕೂಡುವ ಗುರುತಿನಂತಿರುತ್ತದೆ. ನಮ್ಮ ಕನ್ನಡದ ‘ಕ’ ಅದರ ಮರಿಮಗಳು. ಅದರ ಮುಂದೆ ನಿಂತಾಗ, ಮೂವರು ಅಶೋಕರನ್ನೂ ಅವರ ಇಡೀ ತರಗತಿಯನ್ನೂ ಒಂದು ದಿನ ಇಲ್ಲಿಗೆ ಕರೆತರಬಹುದಿತ್ತಲ್ಲ ಎಂಬ ಕೊರಗು ಕಾಡಿತು. ಪ್ರವಾಸವೆಂದರೆ ದೂರದ ಊರು, ದೊಡ್ಡ ಅರಮನೆ ಎಂದುಕೊಂಡಿದ್ದವರು ನಾವು.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಸಿರುಗುಪ್ಪ, ಕುರುಗೋಡು, ಬಳ್ಳಾರಿಯ ಪ್ರತಿಯೊಂದು ಪ್ರೌಢಶಾಲೆಯ ಮಕ್ಕಳೂ ಒಮ್ಮೆಯಾದರೂ ಈ ಬಂಡೆಗಳನ್ನು ನೋಡಬೇಕು. ಮಸ್ಕಿಯ ಜೊತೆಗೆ ನಿಟ್ಟೂರು, ಉಡೇಗೋಳಂ ಹೆಸರನ್ನೂ ಮೇಷ್ಟರು ಹೇಳಲೇಬೇಕು. “ಕಲ್ಲು ನೋಡಿದರೆ ಅಂಕ ಬರುತ್ತದೆಯೇ? ಭತ್ತದ ಬೆಲೆ ಏರುತ್ತದೆಯೇ?” ಎಂದು ಕೇಳುವವರಿದ್ದಾರೆ. ಏರುವುದಿಲ್ಲ, ನಿಜ. ಆದರೆ ಇತಿಹಾಸವೆಂಬುದು ದೆಹಲಿ, ಪಾಟ್ನಾಗಳಲ್ಲಿ ಮಾತ್ರ ನಡೆದದ್ದು, ನಮ್ಮದು ಬರೀ ಬಿಸಿಲುನಾಡು ಎಂಬ ಕೀಳರಿಮೆಯಿಂದ ಬೆಳೆದ ಮಗುವಿಗೆ, ತನ್ನ ಹೆಸರು ತನ್ನ ತಾಲ್ಲೂಕಿನ ಕಲ್ಲಿನಲ್ಲಿದೆ ಎಂಬ ತಿಳಿವಳಿಕೆ ಕೊಡುವ ಬಲಕ್ಕೆ ಬೆಲೆ ಕಟ್ಟಲಾಗದು. ಬಂಡೆಯ ಮೇಲೆ ಅಕ್ಷರ ಕಂಡರೆ ನಿಧಿಯ ಗುರುತೆಂದು ಅಗೆಯುವವರನ್ನೂ, ತಮ್ಮ ಹೆಸರು ಗೀಚುವವರನ್ನೂ ತಡೆಯಲು ಕಾವಲುಗಾರನಿಗಿಂತ ತಿಳಿದ ಮಕ್ಕಳೇ ಹೆಚ್ಚು ಸಮರ್ಥರು.

ಹಾಗೆಯೇ ಬರಿಯ ಹೆಮ್ಮೆಯೂ ಸಾಲದು. ನಮ್ಮ ತಾಲ್ಲೂಕಿನಲ್ಲಿ ಚಕ್ರವರ್ತಿಯ ಹೆಸರಿದೆ ಎಂದು ಬೀಗುವುದಕ್ಕಿಂತ ಆತ ಹೇಳಿದ್ದೇನು ಎಂದು ನೋಡಬೇಕು. ಈ ಲಘು ಶಿಲಾಶಾಸನಗಳಲ್ಲಿ ಯುದ್ಧದ ಬಡಾಯಿಯಿಲ್ಲ. ಧರ್ಮದ ಹಾದಿಯಲ್ಲಿ ಮೊದಮೊದಲು ತಾನೇ ಸಾಕಷ್ಟು ಶ್ರಮಿಸಲಿಲ್ಲವೆಂದು ಚಕ್ರವರ್ತಿ ಒಪ್ಪಿಕೊಳ್ಳುತ್ತಾನೆ. ಶ್ರಮಿಸಿದರೆ ದೊಡ್ಡವರಂತೆ ಚಿಕ್ಕವರಿಗೂ ಫಲ ದೊರೆಯುತ್ತದೆ ಎನ್ನುತ್ತಾನೆ. ತಂದೆತಾಯಿಗಳ ಮಾತು ಕೇಳಿ, ಜೀವಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ, ಶಿಷ್ಯರು ಗುರುಗಳನ್ನು ಗೌರವಿಸಲಿ ಎಂಬುದು ಅದರ ಬೋಧನೆ. ಮೇಷ್ಟರಿಗೆ ಕೊನೆಯ ಮಾತು ಪ್ರಿಯವಾಗುವುದು ಸಹಜ. ನನಗೀಗ ಮೊದಲನೆಯದೇ ಹೆಚ್ಚು ತಟ್ಟುತ್ತದೆ. ತನ್ನ ಕೊರತೆಯನ್ನು ಕಲ್ಲಿನಲ್ಲಿ ಬರೆಸಲು ಚಕ್ರವರ್ತಿಯೇ ಹಿಂಜರಿಯದಿದ್ದಾಗ, ಒಬ್ಬ ಮೇಷ್ಟರು ತನ್ನ ತಪ್ಪನ್ನು ಇಲ್ಲಿ ಬರೆಯಲು ನಾಚಬೇಕೇಕೆ?

ಇನ್ನೊಂದು ಸ್ವಾರಸ್ಯವಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಶಾಸನದಲ್ಲಿ ಅಶೋಕನ ಹೆಸರಿಲ್ಲ. ಬರೆದ ಲಿಪಿಕಾರ ಚಪಡನ ಹೆಸರಿದೆ. ದೊರೆಯ ಹೆಸರು ಬಿಟ್ಟುಹೋದ ಕಡೆ ದುಡಿದವನ ಹೆಸರು ಉಳಿದಿದೆ. ನಾಮಾಂಕಿತರ ಪಟ್ಟಿ ಮಾಡುವಾಗ ಇದನ್ನು ನೆನಪಿಡಬೇಕು. ಸಿರುಗುಪ್ಪದ ಅಶೋಕ ಈಗ ಭತ್ತ ಬೆಳೆಯುತ್ತಾನೆ, ಮಗಳನ್ನು ನರ್ಸಿಂಗ್ ಓದಿಸಿದ್ದಾನೆ. ನನ್ನ ಪಟ್ಟಿಯಲ್ಲಿ ಆತನೂ ಇದ್ದಾನೆ.

ಆ ದಿನ ಮದುವೆಯ ಚಪ್ಪರದಲ್ಲಿ ಇಷ್ಟನ್ನೂ ಆತನಿಗೆ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ನಮ್ಮಜ್ಜಿ ಇದ್ದಿದ್ರೆ ಹೇಳ್ತಿದ್ದೆ ಸಾರ್” ಎಂದ. ನಾನು ಮರುಮಾತಾಡಲಾಗಲಿಲ್ಲ.

ಈ ಬರಹ ಓದುವ ಬೇರೆ ಅಶೋಕರಿಗೂ, ನನ್ನಿಂದ ‘ಮಸ್ಕಿಯೊಂದೇ’ ಎಂದು ಕಲಿತ ಎಲ್ಲ ವಿದ್ಯಾರ್ಥಿಗಳಿಗೂ ನನ್ನ ಮನವಿ ಇಷ್ಟೇ: ನಿಮ್ಮ ಟಿಪ್ಪಣಿಯಲ್ಲಿ ಆ ಸಾಲನ್ನು ತಿದ್ದಿಕೊಳ್ಳಿ. ರಜೆಗೆ ಊರಿಗೆ ಬಂದಾಗ ಮಕ್ಕಳನ್ನು ನಿಟ್ಟೂರಿಗೋ ಉಡೇಗೋಳಂಗೋ ಕರೆದೊಯ್ಯಿರಿ. ಅವರು ‘ಅಸೋಕ’ ಎಂದರೆ ನಗಬೇಡಿ.