ಎಂಟು ಲೈನ್ ಸಾಕೆನ್ನುವವರಿಗೆ

ಮಡತ್ತುಕುಳಂನ ನಮ್ಮ ನೂಲಿನ ಗಿರಣಿಯ ಕಚೇರಿಗೆ ಬರುವ ಎಂಟು ತಾಮ್ರದ ಲೈನ್‌ಗಳ ಬದಲು ಒಂದು ಪಿಆರ್‌ಐ (ಹಲವು ಕರೆಗಳನ್ನು ಒಟ್ಟಿಗೆ ಒಯ್ಯುವ ಡಿಜಿಟಲ್ ಲೈನ್) ಹಾಕಿಸೋಣವೆಂದು ಬರೆದುಕೊಟ್ಟಿದ್ದೆ. ಆಕ್ಷೇಪಗಳು ಬಂದಿವೆ. ಕೆಲವಕ್ಕೆ ತೂಕವಿದೆ, ಕೆಲವು ಬರೀ ಗೊಣಗು. ಗೊಣಗು ಮೊದಲು ಮುಗಿಸಿಬಿಡುತ್ತೇನೆ.

"ಎಲ್ಲರ ಜೇಬಲ್ಲೂ ಮೊಬೈಲ್ ಇದೆಯಲ್ಲ?" ಇದೆ. ತಿರುಪ್ಪೂರಿನ ಗಿರಾಕಿ ನಮ್ಮ ಮಾರಾಟದ ಹುಡುಗನ ಮೊಬೈಲಿಗೇ ಫೋನ್ ಮಾಡುತ್ತಾನೆ. ಹುಡುಗ ಕೆಲಸ ಬಿಟ್ಟ ದಿನ ಗಿರಾಕಿಯೂ ಅವನ ಹಿಂದೆ ಹೋಗುತ್ತಾನೆ.

"ಡಿಜಿಟಲ್ ಸಾಮಾನು ಹತ್ತಿಯ ಧೂಳು, ಬಿಸಿಲು ತಡೆಯುವುದಿಲ್ಲ." 1984ರಲ್ಲಿ ಹುಟ್ಟಿದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜನ್ನು 1986ರಲ್ಲಿ ಕೂರಿಸಿದ್ದು ದಿಲ್ಲಿಯಲ್ಲಲ್ಲ, ನಮ್ಮ ಕರ್ನಾಟಕದ ಕಿತ್ತೂರಿನಲ್ಲಿ. ಎಸಿ ಇಲ್ಲದೆ ನಡೆಯಲೆಂದೇ ಮಾಡಿದ ಪೆಟ್ಟಿಗೆ ಅದು. ಫ್ಯಾನಿಗೆ ಹತ್ತಿ ಮೆತ್ತಿಕೊಳ್ಳುವುದು ನಿಜ. ಅದಕ್ಕೆ ಬೇಕಾದದ್ದು ವಾರಕ್ಕೊಮ್ಮೆ ಬ್ರಷ್ಷು.

"ಇರುವುದೇ ಚೆನ್ನಾಗಿ ನಡೆಯುತ್ತಿದೆ" ಎನ್ನುವವರು ಒಂದು ದಿನ ಆಪರೇಟರಮ್ಮನ ಪಕ್ಕದಲ್ಲಿ ಕೂರಲಿ. ಅನಲಾಗ್ ಲೈನಿನಲ್ಲಿ ಆಚೆಯವರು ಫೋನ್ ಇಟ್ಟರೂ, ಎಕ್ಸ್‌ಚೇಂಜ್‌ನವರು ಪೋಲಾರಿಟಿ ರಿವರ್ಸಲ್ (ತಂತಿಯ ಪ್ಲಸ್-ಮೈನಸ್ ತಿರುಗಿಸುವ ಸುಳುಹು) ಕೊಡದಿದ್ದರೆ ಕಚೇರಿಯೊಳಗಿನ ಎಕ್ಸ್‌ಚೇಂಜ್ ಆದ ನಮ್ಮ ಇಪಿಎಬಿಎಕ್ಸ್‌ಗೆ ಅದು ಥಟ್ಟನೆ ಗೊತ್ತಾಗುವುದಿಲ್ಲ. ಎಂಗೇಜ್ ಟೋನ್ ಕೇಳಿಯೋ ಟೈಮರ್ ಮುಗಿದೋ ಬಿಡಬೇಕು. ಅಲ್ಲಿಯವರೆಗೆ ಸತ್ತ ಕರೆಯೊಂದು ಲೈನ್ ಹಿಡಿದುಕೊಂಡಿರುತ್ತದೆ. ಒಳಗಿನಿಂದ ಯಾರೋ ಲೈನ್ ಎತ್ತುವ ಹೊತ್ತಿಗೇ ಹೊರಗಿನ ಕರೆ ಅದೇ ಲೈನಿಗೆ ಬಂದು ಇಬ್ಬರೂ "ಯಾರು? ಯಾರು?" ಎನ್ನುವುದೂ ಉಂಟು. ಆಚೆಯವರು ಎತ್ತಿದರೋ ಇಲ್ಲವೋ ತಿಳಿಯದ ಯಂತ್ರ ಇಷ್ಟು ಸೆಕೆಂಡ್ ಆಯಿತೆಂದು ಬಿಲ್ ಬರೆಯುತ್ತದೆ. ಲೆಕ್ಕದ ವಿಭಾಗದ ಜಗಳಕ್ಕೆಲ್ಲ ಮೂಲ ಅಲ್ಲಿದೆ.

ಪಿಆರ್‌ಐನಲ್ಲಿ ಸೆಕೆಂಡಿಗೆ 2.048 ಮೆಗಾಬಿಟ್, 64 ಕಿಲೋಬಿಟ್‌ನ 32 ಪಾಲು. ಮಾತಿಗೆ 30, ತಾಳ ಕಾಯಲು ಒಂದು, ಇನ್ನೊಂದು ಬರೀ ಸಂಕೇತಕ್ಕೆ. ಕರೆ ಬಂತು, ಎತ್ತಿದರು, ಇಟ್ಟರು ಎಂಬ ಸುದ್ದಿಯೆಲ್ಲ ಆ ಕೊನೆಯದರಲ್ಲಿ ತಕ್ಷಣ ಬರುತ್ತದೆ. ಸ್ಟೋರ್ಸಿಗೆ, ಲ್ಯಾಬಿಗೆ, ಲೆಕ್ಕದವರಿಗೆ ನೇರ ನಂಬರ್ ಕೊಡಬಹುದು. ಆಪರೇಟರಮ್ಮ ಊಟಕ್ಕೆ ಹೋದರೂ ಕಚೇರಿ ಮೂಗಾಗುವುದಿಲ್ಲ.

"ಒಂದೇ ಕೇಬಲ್, ಕಡಿದರೆ ಎಲ್ಲವೂ ಹೋಯಿತು." ಈ ಮಾತಿಗೆ ತೂಕವಿದೆ. ಆದರೆ ಈಗಿನ ಎಂಟು ಜೋಡಿ ತಂತಿಗಳೂ ಉಡುಮಲೈ–ಪಳನಿ ಹೆದ್ದಾರಿ ಬದಿಯ ಒಂದೇ ಹೊಂಡದಲ್ಲಿ, ಒಂದೇ ಕೇಬಲಿನೊಳಗೆ ಮಲಗಿವೆ. ಜೆಸಿಬಿ ಜೋಡಿ ಎಣಿಸಿ ಕಡಿಯುವುದಿಲ್ಲ. ಜಾಯಿಂಟಿಗೆ ನೀರಿಳಿದಾಗ ಮಾತ್ರ ತಾಮ್ರ ಒಂದೊಂದಾಗಿ ಸಾಯುತ್ತದೆ, ಉಳಿದವು ಬದುಕುತ್ತವೆ. ಆ ಲಾಭ ಒಪ್ಪುತ್ತೇನೆ. ತಮಿಳಿನ ಐಪ್ಪಸಿ ತಿಂಗಳ ಮಳೆಯ ಸಿಡಿಲು ತಾಮ್ರದ ಮೇಲೆ ಬಂದು ಇಪಿಎಬಿಎಕ್ಸ್‌ನ ಟ್ರಂಕ್ ಕಾರ್ಡ್ ಸುಡುವ ನಷ್ಟವನ್ನೂ ಆಕ್ಷೇಪಿಸಿದವರು ಲೆಕ್ಕಕ್ಕೆ ಹಿಡಿಯಲಿ. ಪಿಆರ್‌ಐ ಬರುವುದು ಫೈಬರಿನಲ್ಲಿ, ಫೈಬರ್ ಸಿಡಿಲನ್ನು ಒಳಗೆ ತರುವುದಿಲ್ಲ.

"ಕರೆಂಟ್ ಹೋದರೆ?" ತಾಮ್ರದ ಫೋನ್ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಲ್ಲಿ ಬದುಕುತ್ತದೆ, ನಿಜ. ನಮ್ಮ ಇಪಿಎಬಿಎಕ್ಸ್ ಬದುಕುವುದು ನಮ್ಮ ಕರೆಂಟಿನಲ್ಲಿ. ಅದು ನಿಂತರೆ ಎಂಟು ಲೈನಿದ್ದೂ ಮೇಜಿನ ಫೋನುಗಳು ಸತ್ತಂತೆಯೇ. ಹಾಗಾಗಿ ಎರಡು ತಾಮ್ರದ ಲೈನ್ ಉಳಿಸಿಕೊಂಡು ಗೇಟಿಗೂ ಪ್ರಥಮ ಚಿಕಿತ್ಸೆಯ ಕೋಣೆಗೂ ನೇರ ಕೊಡೋಣ ಎಂದೇ ಟಿಪ್ಪಣಿಯಲ್ಲಿದೆ. ಎರಡನೇ ಪುಟ ಓದಿದವರು ಕಡಿಮೆ ಅಂತ ಕಾಣುತ್ತದೆ. ಎಲ್ಲರ ಬಾಯಲ್ಲಿರುವ ಹಳೆಯ ನಂಬರನ್ನು ಆ ಎರಡರಲ್ಲೊಂದರಲ್ಲಿ ಇಟ್ಟುಕೊಂಡರೆ ನಂಬರ್ ಬದಲಾಗುವ ಹೆದರಿಕೆಯೂ ಇಲ್ಲ.

ಉಳಿದದ್ದು ಕಿರಿಯ ಎಂಜಿನಿಯರರ ಪ್ರಶ್ನೆ: ಪಿಆರ್‌ಐ ಹಳತಾಗುತ್ತಿದೆ, ನೇರ ಸಿಪ್ ಟ್ರಂಕಿಗೇ (ಇಂಟರ್ನೆಟ್ ಬಗೆಯ ಜಾಲದಲ್ಲಿ ಬರುವ ಫೋನ್ ಲೈನ್) ಹೋಗಬಾರದೇ? ಹೊಸ ಇಪಿಎಬಿಎಕ್ಸ್ ಪೆಟ್ಟಿಗೆ ಕೊಳ್ಳುವುದಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ನಮ್ಮಲ್ಲಿರುವುದು ಹಳೆಯ ಪೆಟ್ಟಿಗೆ. ಅದಕ್ಕೆ ಪಿಆರ್‌ಐ ಕಾರ್ಡ್ ಕೂರುತ್ತದೆ, ಸಿಪ್ ಕೂರುವುದಿಲ್ಲ. ಮಾತನ್ನು ಅತಿಯಾಗಿ ಹಿಂಡುವ ಸಿಪ್ ಲೈನಿನಲ್ಲಿ ಫ್ಯಾಕ್ಸ್ ಕೆಡುತ್ತದೆ, ನಮ್ಮ ಕೆಲವು ಹಳೆಯ ಗಿರಾಕಿಗಳು ಫ್ಯಾಕ್ಸ್ ಬಿಟ್ಟಿಲ್ಲ. ನಾಳೆ ಸಿಪ್ಪಿಗೆ ಹೋದರೂ ನಡುವೆ ಒಂದು ಗೇಟ್‌ವೇ ಇಟ್ಟರೆ ಇದೇ ಕಾರ್ಡ್ ದುಡಿಯುತ್ತದೆ. ಆದರೂ ಕಾಯೋಣ ಎನ್ನುವುದಾದರೆ ಎಷ್ಟು ದಿನ, ಯಾವ ಬಜೆಟ್ಟಿಗಾಗಿ ಎಂದು ಅವರು ಬರೆದುಕೊಡಲಿ, ಸಹಿ ಸಮೇತ.